ಒದ್ದೆ ಪಾದ

ಸೋಸಲೆಯ ನೀರುಗಂಟಿ ಮಾದುವಿನ ಹಾಗೆ ನಿದ್ದೆ ಮಾಡುವವರು ಇಡೀ ತಾಲ್ಲೂಕಿನಲ್ಲೇ ಇಲ್ಲವೆಂದು ಅವನ ಹೆಂಡತಿ ಮಂಚಮ್ಮ ಬೈಯುತ್ತಿದ್ದಳು. ಸರದಿಯಂತೆ ಗದ್ದೆಗಳಿಗೆ ನೀರು ತಿರುಗಿಸುವುದು ಅವನ ಕೆಲಸ. ನೀರು ಬರುವ ತನಕ ಒಣಗಿದ ಕಾಲುವೆಯೊಳಕ್ಕೆ ಕಾಲು ಇಳಿಬಿಟ್ಟು ಏರಿಯ ಮೇಲೆ ಮಲಗಿದನೆಂದರೆ ಕಿವಿಯ ಪಕ್ಕ ತಮಟೆ ಬಡಿದರೂ ಏಳುತ್ತಿರಲಿಲ್ಲ. "ನೀರು ಬಂದ್ರೆ ಪಾದವೇ ಎಬ್ಬಿಸ್ತದೆ ಕಣಮ್ಮಿ" ಎನ್ನುತ್ತಿದ್ದ. ಪಾದ ಒದ್ದೆಯಾಗುತ್ತಲೇ ಎದ್ದು, ಮಣ್ಣೆಳೆಯುವ ಸನಿಕೆ ಹಿಡಿದು ನಿಂತಿರುತ್ತಿದ್ದ. ನರದ ಕಾಯಿಲೆ ಅವನ ಕೈಕಾಲು ಕಸಿದು, ಮಾತನ್ನೂ ಕಸಿದು, ಈಗ ಎರಡು ಕಣ್ಣನ್ನಷ್ಟೇ ಆಡಲು ಬಿಟ್ಟಿದೆ. ಅಂಥ ನಿದ್ದೆಯೂ ಚೂರುಚೂರಾಯಿತು. ದಿನಕ್ಕೆ ಎಷ್ಟು ಗಂಟೆ ಮಲಗುತ್ತಾರೆ ಎಂದು ಮನೆಗೆ ಬರುವ ನರ್ಸಮ್ಮ ಕೇಳಿದರೆ ಮಂಚಮ್ಮ, "ಗ್ವಾಡೆ ಮ್ಯಾಲೆ ಕಾಗೆ ಕೂತಂಗೆ ಕಣವ್ವಾ, ಈಗ ಬತ್ತದೆ, ಈಗ ಓಯ್ತದೆ" ಎನ್ನುತ್ತಾಳೆ. ಆ ಕಾಗೆ ಹಾರಿಹೋಗದಿರಲೆಂದು ಕುಕ್ಕರ್ ಕೂಗುವ ಮೊದಲೇ ಸ್ಟವ್ ಆರಿಸುತ್ತಾಳೆ, ಬಾಗಿಲಿಗೆ ಬಂದ ನೆಂಟರನ್ನು ಕೈಸನ್ನೆಯಲ್ಲೇ ಮಾತಾಡಿಸಿ ಕಳಿಸುತ್ತಾಳೆ, ಕೋಳಿಯನ್ನು ಗದರುವುದೂ ಪಿಸುದನಿಯಲ್ಲೇ. ಅವನು ನಿದ್ದೆಯಲ್ಲಿರುವಂತೆಯೇ ಒದ್ದೆ ಬಟ್ಟೆಯಲ್ಲಿ ಮೈಯೆಲ್ಲ ಒರೆಸಿ ಮುಗಿಸುವಷ್ಟು ಅವಳ ಕೈ ಹಗುರವಾಗಿದೆ. ಪಾದಗಳನ್ನು ಮಾತ್ರ ಅವನು ಎದ್ದ ಮೇಲೇ ಒರೆಸುತ್ತಾಳೆ. ಒಂದು ಬೆಳಿಗ್ಗೆ ಮರೆತು ನಿದ್ದೆಯಲ್ಲೇ ಒರೆಸಿಬಿಟ್ಟಿದ್ದಳು. ಥಟ್ಟನೆ ಕಣ್ಣು ತೆರೆದ ಮಾದು ಮೊದಲು ಸನಿಕೆ ಇಟ್ಟಿದ್ದ ಮೂಲೆಯ ಕಡೆ ನೋಡಿದ. ಆಮೇಲೆ ತನ್ನ ಕಾಲುಗಳ ಕಡೆ ನೋಡಿದ.