ಓರೆ ಬಿಸಿಲಿನ ಫೋಟೋ

ಚೆನ್ನೈನ ಗಿಂಡಿಯಲ್ಲಿರುವ ನಮ್ಮ ಆಫೀಸಿನ ಹತ್ತಿರ ಹೊಸದಾಗಿ ಒಂದು ಹೋಟೆಲ್ ತೆರೆದಿದೆ. ಒಳಗೆಲ್ಲ ಹಳ್ಳಿಮನೆಯ ಅಲಂಕಾರ. ಗಾಡಿಯ ಚಕ್ರ, ಒನಕೆ, ಲಾಟೀನು, ಎಲ್ಲಕ್ಕೂ ಮಿರಿಮಿರಿ ವಾರ್ನಿಷ್. ಹೋದ ತಿಂಗಳು ಅಲ್ಲಿ ಊಟಕ್ಕೆ ಕೂತಾಗ ಗೋಡೆಗೆ ಬಡಿದಿದ್ದ ಕೆಲವು ಹಲಗೆಗಳ ಮೇಲೆ ಕಣ್ಣು ಬಿತ್ತು. ಭತ್ತದ ಕಣಜದ ಬಾಯಿಗೆ ಹಾಕುವ ಹಲಗೆಗಳು. ಭತ್ತ ತುಂಬಿದ ಹಾಗೆ ಒಂದರ ಮೇಲೊಂದು ಇಳಿಸಲೆಂದು ಅವಕ್ಕೆ ಸಾಲಾಗಿ ಗುರುತು ಕೊರೆದಿರುತ್ತಾರೆ. ಇಲ್ಲಿ ಯಾರೋ ಹಿಂದುಮುಂದು ಜೋಡಿಸಿ ಮೊಳೆ ಹೊಡೆದಿದ್ದರು. ಜೊತೆಗೆ ಬಂದವರು ಅದರ ಮುಂದೆ ನಿಂತು ಸೆಲ್ಫಿ ತೆಗೆದುಕೊಂಡರು. ನನಗೆ ಮಾತ್ರ ಊಟ ಸೇರಲಿಲ್ಲ. ಕೆಳಮನೆ ಮಾಮ ನೆನಪಾಗಿದ್ದರು...

ಕ್ರೋಂಪೇಟೆಯಲ್ಲಿ ನಾವು ಮಾಳಿಗೆಯಲ್ಲಿದ್ದೆವು, ಅವರು ಕೆಳಗೆ. ನಮ್ಮದು ಉಡುಪಿ ಕಡೆಯ ಹೋಟೆಲಿನವರ ಸಂಸಾರ. ಅವರದು ಧಾರವಾಡದ ಕಡೆ, ಹಣೆ ತುಂಬ ವಿಭೂತಿ, ಮಾತು ಮಾತಿಗೆ ನಗು. ಪುರಸೈವಾಕ್ಕಂನಲ್ಲಿ ಅವರಿಗೊಂದು ಸಣ್ಣ ಸ್ಟುಡಿಯೋ ಇತ್ತು. ವಾರವೆಲ್ಲ ಪಾಸ್‌ಪೋರ್ಟ್ ಫೋಟೋ, ಮದುವೆ ಆಲ್ಬಂ. ಭಾನುವಾರ ಬಂತೆಂದರೆ ಬೆಳಗಿನ ಮೊದಲ ಲೋಕಲ್ ರೈಲು ಹಿಡಿದು ಚೆಂಗಲ್ಪಟ್ಟಿನ ಆಚೆಯ ಹಳ್ಳಿಗಳಿಗೆ ಹೊರಟುಬಿಡುತ್ತಿದ್ದರು. ಅಲ್ಲಿನ ಹಳೆಯ ಕಣಜ, ಕೊಟ್ಟಿಗೆ, ಪಂಪಿನ ಮನೆ, ಯಾರೂ ತಂಗದ ಛತ್ರ... ಇವೆಲ್ಲ ಇನ್ನೇನು ಹೋಗಿಬಿಡುತ್ತವೆ ಎಂಬುದೊಂದೇ ಅವರ ಧಾವಂತ.

ನಾನೂ ಎಷ್ಟೋ ಸಲ ಜೊತೆಗೆ ಹೋಗಿದ್ದೇನೆ. ಆಗ ಕೆಲಸಕ್ಕೆ ಸೇರಿದ ಹೊಸತು, ಮನೆಯಲ್ಲಿದ್ದರೆ ಅಮ್ಮನ ಗಂಡು ನೋಡುವ ಮಾತು ತಪ್ಪುತ್ತಿರಲಿಲ್ಲ. ಅಮ್ಮನಿಗೆ ನಮ್ಮ ಈ ತಿರುಗಾಟದ ತಲೆಬುಡ ತಿಳಿಯುತ್ತಿರಲಿಲ್ಲ. “ಮುರುಕು ದನದ ಹಟ್ಟಿ ನೋಡ್ಲಿಕ್ಕೆ ರೈಲು ಹತ್ತಿ ಹೋಗುದಾ? ಊರಲ್ಲಿ ನಮ್ಮದೇ ಒಂದು ಉಂಟಲ್ಲ ಮಾರಾಯ್ತಿ!” ಎಂದು ಮೆಟ್ಟಿಲವರೆಗೂ ಬಂದು ಹೇಳುತ್ತಿದ್ದರು.

ಮಾಮನಿಗೆ ಬೆಳಕಿನ ಹುಚ್ಚು. ಎಳೆ ಬಿಸಿಲು ಗೋಡೆಗೆ ಓರೆಯಾಗಿ ಬೀಳಬೇಕು. ಆಗ ಗಾರೆಯಲ್ಲಿನ ಕೂದಲೆಳೆಯಂಥ ಬಿರುಕಿಗೂ ನೆರಳು ಮೂಡುತ್ತದೆ, ಗೋಡೆಗೆ ವಯಸ್ಸಾದವರ ಮುಖದ ಕಳೆ ಬರುತ್ತದೆ. ಬಿಸಿಲು ಏರಿತೆಂದರೆ ಕ್ಯಾಮೆರಾ ಚೀಲಕ್ಕೆ ಹೋಗುತ್ತಿತ್ತು. ಇನ್ನೊಂದು ಪದ್ಧತಿಯೂ ಇತ್ತು. ಯಾರ ಕಟ್ಟಡದ ಫೋಟೋ ತೆಗೆದರೋ ಅವರಿಗೆ ದೊಡ್ಡ ಪ್ರಿಂಟು ಹಾಕಿಸಿ, ಫ್ರೇಮು ಕಟ್ಟಿಸಿ, ಮತ್ತೊಮ್ಮೆ ರೈಲು ಹತ್ತಿ ಹೋಗಿ ಮನೆಯ ಯಜಮಾನನ ಕೈಗೇ ಕೊಟ್ಟು ಬರುವುದು. ಹಾಗೆ ಮಾಡದಿದ್ದರೆ ಕದ್ದ ಹಾಗಾಗುತ್ತದೆ ಎನ್ನುತ್ತಿದ್ದರು.

ಹಾಗೆ ತಿರುಗುವಾಗ ಸಿಕ್ಕಿದ್ದು ಒಂದು ಕೊಟ್ಟಿಗೆ. ಅರ್ಧ ಕಣಜ, ಅರ್ಧ ದನದ ಜಾಗ. ಮೊಳದಗಲದ ಗೋಡೆ, ನಾಡಹೆಂಚು. ಗಂಡ ತೀರಿಹೋದ ಒಬ್ಬ ಹೆಂಗಸು ಅಲ್ಲಿ ಎರಡು ಹಸು ಕಟ್ಟಿಕೊಂಡು ಹಾಲು ಮಾರಿ ಬದುಕುತ್ತಿದ್ದಳು. ಮಲಗುವುದೂ ಅಲ್ಲೇ, ಖಾಲಿ ಕಣಜದೊಳಗೆ. ನಾವು ಹೋದಾಗಲೆಲ್ಲ ನೊರೆಹಾಲಿನ ಕಾಫಿ ಕೊಡದೆ ಬಿಡುತ್ತಿರಲಿಲ್ಲ. ಜಾಗ ಅವಳಿಗೂ ಮೈದುನನಿಗೂ ಜಂಟಿ. ಅವನು ಅದನ್ನು ಸೈಟು ಮಾಡಿ ಮಾರಬೇಕೆಂದಿದ್ದ, ಇವಳು ಒಪ್ಪಿರಲಿಲ್ಲ. ಮಾಮ ಅಲ್ಲಿ ತೆಗೆದ ಫೋಟೋ ಅವರ ಜೀವಮಾನದಲ್ಲೇ ಚೆಂದದ್ದು. ಪದ್ಧತಿಯಂತೆ ಅದನ್ನು ಮನೆಯ ಗಂಡಸಾದ ಮೈದುನನಿಗೆ ಕೊಟ್ಟು, ಅವನ ಗೋಡೆಗೆ ತಾವೇ ಮೊಳೆ ಹೊಡೆದು ತೂಗುಹಾಕಿ ಬಂದರು.

ಕೆಲವು ವಾರದ ಮೇಲೆ ಆ ಹೆಂಗಸು ಮಾಮನಿಗೆ ಫೋನ್ ಮಾಡಿದಳು. ಕೊಟ್ಟಿಗೆಯ ಬಾಗಿಲಿಗೆ ನೋಟಿಸು ಅಂಟಿಸಿದ್ದರು. ಕಟ್ಟಡ ಬೀಳುವ ಹಾಗಿದೆ, ಜೀವಕ್ಕೆ ಅಪಾಯ, ಕೆಡವಬೇಕು ಅಂತ. ಮೈದುನ ಗೋಡೆಯ ಮೇಲಿನ ಫೋಟೋ ಇಳಿಸಿ ಸಾಕ್ಷಿಗೆಂದು ತಾಲೂಕು ಆಫೀಸಿಗೆ ಹೊತ್ತುಕೊಂಡು ಹೋಗಿದ್ದ. ಮಾಮನ ಓರೆ ಬಿಸಿಲಿನಲ್ಲಿ ಆ ಗಟ್ಟಿ ಗೋಡೆ ನಿಜಕ್ಕೂ ಇವತ್ತೋ ನಾಳೆಯೋ ಅನ್ನುವ ಹಾಗೆ ಕಾಣುತ್ತಿತ್ತು.

ಮಾಮ ಅನ್ನ ಬಿಟ್ಟರು. ಮಾರನೆಯ ದಿನ ಸ್ಟುಡಿಯೋ ಮುಚ್ಚಿ, ಜೀವನದಲ್ಲಿ ಮೊದಲ ಸಲ ನಡುಮಧ್ಯಾಹ್ನ ಕ್ಯಾಮೆರಾ ಹಿಡಿದು ಅದೇ ಗೋಡೆಯ ಮುಂದೆ ನಿಂತರು. ಆ ಸಪ್ಪೆ ಬಿಸಿಲಿನಲ್ಲಿ ಬಿರುಕೆಲ್ಲ ಮಾಯ. ಗೋಡೆ ನೇರ, ಗಟ್ಟಿ, ಏನೇನೂ ಚೆಂದವಿಲ್ಲ. ಅದನ್ನು ಹಿಡಿದು ನಾವಿಬ್ಬರೂ ಆಫೀಸಿಗೆ ಹೋದೆವು.

ಅಧಿಕಾರಿ ಒರಟರೇನಲ್ಲ. ಎರಡು ಫೋಟೋಗಳನ್ನೂ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟು ನೋಡಿದರು. “ರೆಂಡುಮೇ ನೀಂಗ ಎಡುತ್ತದುದಾನೇ ಸಾರ್? ಇದುಲ ಎದು ನಿಜಂ?” ಎಂದರು. ಎರಡೂ ನೀವೇ ತೆಗೆದದ್ದು, ಇದರಲ್ಲಿ ಯಾವುದು ನಿಜ?

ಮೊದಲನೆಯದು ಸುಳ್ಳು ಅಂದುಬಿಡಿ ಮಾಮ, ಬೆಳಕಿನ ಆಟ ಅಂದುಬಿಡಿ ಎಂದು ನಾನು ಮನಸ್ಸಿನಲ್ಲೇ ಕೂಗುತ್ತಿದ್ದೆ. ಅವರು ಬಹಳ ಹೊತ್ತು ಆ ಚೆಂದದ ಫೋಟೋವನ್ನೇ ನೋಡಿದರು. ಕೊನೆಗೆ ಎರಡೂ ನಿಜವೇ ಎಂದರು. ಅಧಿಕಾರಿ ಫೈಲು ಮುಚ್ಚಿದರು. ನೋಟಿಸು ಹಾಗೇ ಉಳಿಯಿತು.

ವಾಪಸು ಬರುವಾಗ ರೈಲಿನಲ್ಲಿ ನನಗೆ ತಡೆಯಲಾಗಲಿಲ್ಲ. “ಒಂದು ಸುಳ್ಳು ಹೇಳಿದ್ರೆ ಎಂತ ಆಗ್ತಿತ್ತು ಮಾಮ?”

“ಹ್ಯಾಂಗ ಹೇಳ್ಲಿ ತಂಗಿ? ಆ ಬಿರುಕು ಅಲ್ಲಿ ಇದ್ದ ಇತ್ತು. ನಾ ತಂದು ಇಟ್ಟಿಲ್ಲಲ್ಲ...”

ನನಗೆ ಉರಿದುಹೋಯಿತು. ಅದು ಪ್ರಾಮಾಣಿಕತೆಯೋ, ತನ್ನ ಒಳ್ಳೆಯ ಫೋಟೋವನ್ನು ಬಿಟ್ಟುಕೊಡಲಾರದ ಹಟವೋ ನನಗೆ ಇಂದಿಗೂ ಗೊತ್ತಾಗಿಲ್ಲ. ಅವರಿಗಾದರೂ ಗೊತ್ತಿತ್ತೋ ಇಲ್ಲವೋ...

ಕೆಡವುವ ದಿನ ನಾವು ಅಲ್ಲಿದ್ದೆವು. ಬೀಳುವ ಹಾಗಿದೆ ಎಂದು ಬರೆದಿದ್ದ ಗೋಡೆಯನ್ನು ಬೀಳಿಸಲು ಬುಲ್ಡೋಜರು ಬೆಳಗಿನಿಂದ ಸಂಜೆಯವರೆಗೂ ಒದ್ದಾಡಿತು. ಹಸುಗಳನ್ನು ಹಿಂದಿನ ವಾರವೇ ಯಾರೋ ಖರೀದಿಸಿ ಹೊಡೆದುಕೊಂಡು ಹೋಗಿದ್ದರು. ಆ ಹೆಂಗಸು ತನ್ನ ಅಣ್ಣನ ಊರಿಗೆ ಹೊರಟು ಗಂಟು ಕಟ್ಟಿಕೊಂಡು ನಿಂತಿದ್ದಳು. ಮಾಮನ ಹತ್ತಿರ ಬಂದು, “ಪಡಂ ರೊಂಬ ನಲ್ಲಾ ಇರುಂದುಚ್ಚು ಐಯಾ” ಎಂದಳು. ಫೋಟೋ ತುಂಬ ಚೆನ್ನಾಗಿತ್ತು ಸ್ವಾಮಿ ಎಂದು. ಅದರಲ್ಲಿ ಕುಹಕ ಇರಲಿಲ್ಲ. ಬಾಯಿಗೆ ಬಂದಂತೆ ಬೈದಿದ್ದರೆ ಮಾಮ ತಡೆದುಕೊಳ್ಳುತ್ತಿದ್ದರೋ ಏನೋ.

ಆಮೇಲೆ ಅವರು ಯಾವ ಕಟ್ಟಡದ ಫೋಟೋವನ್ನೂ ತೆಗೆಯಲಿಲ್ಲ. ಭಾನುವಾರ ಮನೆಯಲ್ಲೇ ಕೂತು ಟಿವಿ ನೋಡುತ್ತಿದ್ದರು. ನಾನೂ ಕರೆಯಲಿಲ್ಲ. ನನಗೆ ಮದುವೆಯಾಗಿ ಮನೆ ಬಿಟ್ಟ ಮೇಲೆ ಮಾತೂ ಕಡಿಮೆಯಾಯಿತು. ಎರಡು ವರ್ಷದ ಹಿಂದೆ ಮಾಮ ತೀರಿಕೊಂಡರು.

ಹೋಟೆಲಿನಲ್ಲಿ ಆ ಹಲಗೆ ನೋಡಿದ ಮೇಲೆ ಮನಸ್ಸು ತಡೆಯದೆ ಮುಂದಿನ ಭಾನುವಾರ ಕ್ರೋಂಪೇಟೆಗೆ ಹೋದೆ. ಮಾಮನ ಮಗಳು ಅದೇ ಮನೆಯಲ್ಲಿದ್ದಾಳೆ. ಆಗ ಹಾಸ್ಟೆಲಿನಲ್ಲಿ ಓದುತ್ತಿದ್ದವಳು. ಕನ್ನಡ ಅರ್ಥವಾಗುತ್ತದೆ, ಉತ್ತರ ತಮಿಳಿನಲ್ಲೇ. ಅಪ್ಪನ ಪೆಟ್ಟಿಗೆಯಿಂದ ಅತಿ ಚೆಂದದ ಫೋಟೋ ಒಂದನ್ನು ಆರಿಸಿ, ದೊಡ್ಡದು ಮಾಡಿಸಿ ಹಜಾರದಲ್ಲಿ ತೂಗುಹಾಕಿದ್ದಳು. ಅದೇ ಗೋಡೆ, ಅದೇ ಓರೆ ಬಿಸಿಲು. ಎಷ್ಟು ಚೆನ್ನಾಗಿತ್ತೆಂದರೆ ನಾನು ಅದಕ್ಕೆ ಬೆನ್ನು ಹಾಕಿ ಕೂತೆ. ಅಪ್ಪ ಅವಳಿಗೆ ಏನೂ ಹೇಳಿರಲಿಲ್ಲವೆಂದು ಅವಳ ಮುಖದಲ್ಲೇ ಗೊತ್ತಾಗುತ್ತಿತ್ತು.

“ಇದು ಎಂದ ಊರು ಅಕ್ಕಾ? ಇಪ್ಪವುಂ ಇರುಕ್ಕಾ?” ಎಂದು ಕೇಳಿದಳು. ಯಾವ ಊರು, ಈಗಲೂ ಇದೆಯಾ ಎಂದು.

“ಇಲ್ಲಮ್ಮಾ,” ಎಂದೆ. “ತುಂಬ ಹಳೇದಾಗಿತ್ತು. ತಾನಾಗೇ ಬಿದ್ದುಹೋಯ್ತು.”

ಮಾಮನ ಬಾಯಿಂದ ಅಂದು ಒಂದು ಸುಳ್ಳು ಹೊರಡಲಿಲ್ಲ, ನನ್ನ ಬಾಯಿಂದ ಎಷ್ಟು ಸಲೀಸಾಗಿ ಬಂತು. ಈಗ ಅದರಿಂದ ಯಾರ ಹಸುವಿಗೂ ನೆರಳು ಸಿಗುವುದಿಲ್ಲ.