ಫೋನ್ ಮಾಡಬ್ಯಾಡ್ರಿ ಅಂದ ಮೈಲಾರೇಶ್

ಕೂಡ್ಲಿಗಿಯ ಹೆದ್ದಾರಿ ಪಕ್ಕದ ಬೀಜ-ಗೊಬ್ಬರದ ಕಂಪನಿಯ ಮಹಡಿಯಲ್ಲಿ ಒಂದು ಸಣ್ಣ ಕೋಣೆ. ಅದರ ಬಾಗಿಲಿಗೆ ಕೋಣೆಗಿಂತ ದೊಡ್ಡದೆನಿಸುವ ಫಲಕ: 'ಮೈಲಾರೇಶ್, ಸಿಸ್ಟಂ ಅಡ್ಮಿನಿಸ್ಟ್ರೇಟರ್'. ಕಂಪನಿ ಹಾಕಿಸಿದ್ದಲ್ಲ, ಅವನೇ ಪೇಂಟರನನ್ನು ಕರೆತಂದು ಬರೆಸಿದ್ದು. ಅದನ್ನು ಕಂಡು ರೇಷನ್ ಕಾರ್ಡಿನವರು, ಪಿಂಚಣಿಯವರು ಅರ್ಜಿ ಹಿಡಿದು ಮೆಟ್ಟಿಲು ಹತ್ತುತ್ತಿದ್ದರು. "ತಾಲ್ಲೂಕು ಆಫೀಸಲ್ರೀ ಇದು" ಎಂದು ಗದರಿ ಕಳಿಸುವಾಗ ಮೈಲಾರೇಶನಿಗೆ ಒಳಗೊಳಗೇ ಖುಷಿ. ಬಂದವರು ಇಳಿದು ಹೋದ ಮೇಲೆ ಮಾತ್ರ ಕೋಣೆ ಮೊದಲಿಗಿಂತ ಖಾಲಿ ಕಾಣುತ್ತಿತ್ತು.

ಆಗ ಎರಡು ಸಾವಿರದ ಆರನೇ ಇಸವಿ. ಮೈಲಾರೇಶನಿಗೆ ನಲವತ್ತರ ಹತ್ತಿರ, ಮದುವೆಯಾಗಿರಲಿಲ್ಲ. ಗುಡೇಕೋಟೆಯ ಅಣ್ಣಂದಿರು ವರ್ಷದ ಅರ್ಧ ಕುರಿ ಹಿಂದೆ ಊರೂರು ಅಲೆಯುವವರು. ಬಸ್ ಸ್ಟ್ಯಾಂಡ್ ಹಿಂದಿನ ಬಾಡಿಗೆ ರೂಮಿನಿಂದ ಕಂಪನಿಗೆ, ಕಂಪನಿಯಿಂದ ಖಾನಾವಳಿಗೆ, ಇಷ್ಟೇ ಅವನ ಲೋಕಸಂಚಾರ. ಖಾನಾವಳಿಯಲ್ಲೂ ಮಾತು "ಇನ್ನೊಂದ್ ರೊಟ್ಟಿ" ಎಂಬಲ್ಲಿಗೆ ಮುಗಿಯುತ್ತಿತ್ತು.

ಅವನ ಕೆಲಸ ಹೇಳಲು ದೊಡ್ಡದು, ಮಾಡಲು ಚಿಕ್ಕದು. ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳಲ್ಲಿ ಕಂಪನಿಯ ಡಿಪೋಗಳಿದ್ದವು. ಒಂದೊಂದರಲ್ಲೂ ಒಂದು ಕಂಪ್ಯೂಟರು, ಅದರೊಳಗೆ ಬಿಲ್ಲು ಹಾಕುವ ಒಂದು ಪ್ರೋಗ್ರಾಮು. ಅದು ದಿನಕ್ಕೊಮ್ಮೆಯಾದರೂ ಸುಮ್ಮನೆ ನಿಂತುಬಿಡುತ್ತಿತ್ತು. ಆಗ ಡಿಪೋದವರು ಫೋನ್ ಮಾಡಬೇಕು, ಮೈಲಾರೇಶ್ ಕೂಡ್ಲಿಗಿಯಲ್ಲೇ ಕೂತು ಒಂದು ಆಜ್ಞೆ ಟೈಪ್ ಮಾಡಬೇಕು, ಅದು ಎದ್ದು ಕೂರಬೇಕು.

"ಸರ, ಮತ್ತ ಮಲಗೈತ್ರಿ ನಿಮ್ಮ ಮಗ" ಎನ್ನುತ್ತಿದ್ದ ಕೊಟ್ಟೂರಿನ ಹುಲುಗಪ್ಪ.

ಹಡಗಲಿಯ ನಾಗರತ್ನ ನೇರವಾಗಿ ವಿಷಯಕ್ಕೆ ಬರುವವಳಲ್ಲ. "ಊಟ ಆತೇನ್ರಿ ಸರ?" ಎಂದು ಮೊದಲು ಕೇಳಿ ಆಮೇಲೆ, "ಹಂಗ ನಿಂತೈತ್ರಿ" ಎನ್ನುತ್ತಿದ್ದಳು. ಊಟ ಆಯಿತೇ ಎಂದು ಅವನನ್ನು ಕೇಳುವವರು ಭೂಮಿಯ ಮೇಲೆ ಬೇರೆ ಯಾರೂ ಇರಲಿಲ್ಲ. ಹಾಗಂತ ಒಪ್ಪಿಕೊಳ್ಳುವ ಪೈಕಿ ಅವನಲ್ಲ. ಟೀ ತರುವ ಯರ್ರೆಪ್ಪನ ಮುಂದೆ, "ಒಂದ್ ಗಳಿಗಿ ಬಿಡಂಗಿಲ್ಲ ನೋಡು, ನಾನಿಲ್ಲಂದ್ರ ನಾಕು ತಾಲ್ಲೂಕು ನಿಂತು ಹೋಕ್ಕಾವ" ಎಂದು ಹಣೆ ಒತ್ತಿಕೊಳ್ಳುತ್ತಿದ್ದ.

"ಹಂಗಾದ್ರ ಏನರ ಒಂದು ಯಂತ್ರ ಇಟ್ಟುಬಿಡ್ರಿ ಸರ, ತಾನ ಎಬ್ಬಿಸೋವಂಥದು" ಎಂದ ಯರ್ರೆಪ್ಪ, ಖಾಲಿ ಲೋಟ ಎತ್ತಿಕೊಳ್ಳುತ್ತ.

ಆ ಮಾತು ಮೈಲಾರೇಶನಿಗೆ ನಾಟಿತು. ಒಂದು ವಾರ ಪುಸ್ತಕ ತಿರುವಿ ಸ್ಕ್ರಿಪ್ಟು, ಅಂದರೆ ತಾನೇ ಓಡುವ ಆಜ್ಞೆಗಳ ಪಟ್ಟಿ, ಬರೆದ. ಐದು ನಿಮಿಷಕ್ಕೊಮ್ಮೆ ಅದು ನಾಲ್ಕೂ ಡಿಪೋಗಳ ಕಂಪ್ಯೂಟರಿನೊಳಗೆ ಹೋಗಿ, ಅಲ್ಲಿ ಆಗ ಓಡುತ್ತಿರುವ ಕೆಲಸಗಳ ಪಟ್ಟಿಯಲ್ಲಿ ಬಿಲ್ಲಿನ ಪ್ರೋಗ್ರಾಮಿನ ಹೆಸರು ಹಿಡಿದು ಹುಡುಕಬೇಕು. ಇದ್ದರೆ ವಾಪಸು ಬರಬೇಕು, ಇಲ್ಲದಿದ್ದರೆ ಎಬ್ಬಿಸಿ ಬರಬೇಕು. ಓಡಿಸಿ ನೋಡಿದ. ನಾಲ್ಕು ಕಡೆಯಿಂದಲೂ 'ಇದೆ' ಎಂದು ಬಂತು. ಪ್ರೋಗ್ರಾಮನ್ನು ಒಮ್ಮೆ ಬೇಕೆಂದೇ ನಿಲ್ಲಿಸಿ ಪರೀಕ್ಷೆ ಮಾಡಬೇಕಿತ್ತು. ತಾನು ಬರೆದದ್ದನ್ನು ತಾನೇ ಅನುಮಾನಿಸುವುದು ಫಲಕಕ್ಕೆ ಶೋಭೆಯಲ್ಲವೆಂದು ಬಿಟ್ಟ. ಆಮೇಲೆ ಎಲ್ಲ ಡಿಪೋಗಳಿಗೂ ಗಂಭೀರ ದನಿಯಲ್ಲಿ ಫೋನ್ ಮಾಡಿದ: "ಇವತ್ತಿಂದ ಯಾರೂ ನನಗ ಫೋನ್ ಮಾಡಬ್ಯಾಡ್ರಿ. ನಿಂತ್ರ ತಾನ ಏಳ್ತೈತಿ. ಸ್ವಲ್ಪ ಕಾಯ್ರಿ, ಅಷ್ಟ."

ಫೋನು ನಿಂತುಹೋಯಿತು.

ಮೊದಲ ದಿನ ಅವನು ಕಾಲು ಚಾಚಿ ಕೂತು ವಿಜಯ ಅನುಭವಿಸಿದ. ಎರಡನೆಯ ದಿನ ರಿಸೀವರ್ ಎತ್ತಿ ಲೈನು ಇದೆಯೋ ಇಲ್ಲವೋ ನೋಡಿದ. ಅದು 'ಗುಂಯ್' ಎಂದಿತು. ಆಮೇಲೆ ಅರ್ಜಿ ಹಿಡಿದು ಬಂದ ಮುದುಕಿಯೊಬ್ಬಳನ್ನು ಕುರ್ಚಿಯಲ್ಲಿ ಕೂರಿಸಿ, ತಾನೇ ಅರ್ಜಿ ಬರೆದುಕೊಟ್ಟು, ಅವಳ ಸೊಸೆಯ ಪುರಾಣ ಪೂರ್ತಿ ಕೇಳಿದ. ಮುದುಕಿಗೇ ಬೇಸರ ಬಂದು ಎದ್ದು ಹೋದಳು. ವಾರ ತುಂಬುವ ಹೊತ್ತಿಗೆ ತಡೆಯಲಾಗದೆ, ಒಂದು ನೆಪ ಹುಡುಕಿಕೊಂಡು ಹಡಗಲಿಗೆ ತಾನೇ ಫೋನ್ ಮಾಡಿದ.

"ಹೆಂಗೈತ್ರಿ ಅಕ್ಕಾರ, ನಮ್ಮ ಸಿಸ್ಟಂ?"

"ಅದು ಹೋದ ಸ್ವಾಮಾರನ ನಿಂತೈತ್ರಿ ಸರ. ಕೈಲೇ ಬಿಲ್ ಬರಿಯಾಕ ಹತ್ತೇವಿ."

"ಮತ್ತ ಒಂದ್ ಮಾತು ಹೇಳಬಾರದೇನ್ರಿ?"

"ನೀವ ಅಂದಿದ್ರಲ್ರಿ, ಫೋನ್ ಮಾಡಬ್ಯಾಡ್ರಿ, ಕಾಯ್ರಿ ಅಂತ. ದೊಡ್ಡೋರು ಹೇಳ್ಯಾರ ಅಂತ ಕಾಯಾಕ ಹತ್ತೇವಿ."

ಉಳಿದ ಮೂರು ಕಡೆ ಕೇಳಿದರೂ ಅದೇ ಕಥೆ. ಎಲ್ಲರೂ ಭಕ್ತಿಯಿಂದ ಕಾಯುತ್ತಿದ್ದರು. ಮೈಲಾರೇಶ್ ಬೆವರುತ್ತ ಸ್ಕ್ರಿಪ್ಟು ತೆರೆದು ಸಾಲುಸಾಲಾಗಿ ನೋಡಿದ. ತಪ್ಪು ಸಿಕ್ಕಿದಾಗ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಪ್ರೋಗ್ರಾಮಿನ ಹೆಸರು ಹಿಡಿದು ಹುಡುಕುವಾಗ ಆ ಹುಡುಕಾಟವೂ ಓಡುವ ಒಂದು ಕೆಲಸವಾಗಿ, ಅದೇ ಹೆಸರು ಹೊತ್ತು ಅದೇ ಪಟ್ಟಿಯಲ್ಲಿ ಇರುತ್ತಿತ್ತು. ಸ್ಕ್ರಿಪ್ಟಿಗೆ ಸಿಗುತ್ತಿದ್ದದ್ದು ತನ್ನದೇ ಹುಡುಕಾಟ. ಖಾಲಿ ಮನೆಯೊಳಗೆ ನಿಂತು 'ನಾಗಪ್ಪಾ' ಎಂದು ಕೂಗಿದವನು, ಹೆಸರು ಕೇಳಿಸಿತಲ್ಲ, ನಾಗಪ್ಪ ಇದ್ದಾನೆ ಎಂದುಕೊಂಡು ವಾಪಸು ಬಂದ ಹಾಗೆ.

ತಿದ್ದುವುದು ಒಂದು ಸಾಲಿನ ಕೆಲಸ. ಆದರೆ ಬೆರಳು ಕೀಲಿಯ ಮೇಲೆ ಹಾಗೇ ನಿಂತಿತು. ತಿದ್ದದೆ ಬಿಟ್ಟು, 'ಈ ಸ್ಕ್ರಿಪ್ಟು ನಂಬೋ ಹಂಗಿಲ್ರಿ, ಮೊದಲಿನಂಗ ಫೋನ್ ಮಾಡ್ರಿ' ಅಂದರೆ ಸಾಕು, ಊಟ ಆತೇನ್ರಿ ಎಂಬ ಮಾತು ನಾಳೆಯೇ ವಾಪಸು ಬರುತ್ತದೆ. ಅಷ್ಟನ್ನೇ ಹೇಳಲೆಂದು ಮತ್ತೆ ಹಡಗಲಿಗೆ ಫೋನ್ ಹಚ್ಚಿದ.

ಅವನು ಬಾಯಿ ತೆರೆಯುವ ಮೊದಲೇ ನಾಗರತ್ನ ಅಂದಳು: "ಸರ, ಹೆಂಗರ ಮಾಡಿ ಅದು ತಾನ ಏಳೋ ಹಂಗ ಮಾಡಿಬಿಡ್ರಿ. ಇಲ್ಲಿ ಫೋನಿಗೆ ಮೊದಲಿಂದ ಎಸ್‌ಟಿಡಿ ಲಾಕ್ ಮಾಡ್ಯಾರ, ಬ್ಯಾರೆ ಊರಿಗೆ ಹೋಗಂಗಿಲ್ಲ. ನಿಮಗ ಫೋನ್ ಮಾಡಬೇಕಂದ್ರ ಬಿಸಲಾಗ ಬಸ್ ಸ್ಟ್ಯಾಂಡಿನ ಬೂತಿಗೆ ನಡಕೊಂಡು ಹೋಗಬೇಕ್ರಿ. ಮೊಣಕಾಲು ಕೇಳಂಗಿಲ್ಲ."

ಇಷ್ಟು ವರ್ಷ ಅವಳು ನಡೆದದ್ದು ಅವನಿಗೆ ಗೊತ್ತೇ ಇರಲಿಲ್ಲ.

"ಮಾಡ್ತೀನಿ ಬಿಡ್ರಿ ಅಕ್ಕಾರ" ಎಂದ. "ಇನ್ನ ನೀವು ಬೂತಿಗೆ ಹೋಗೋದು ಬ್ಯಾಡ."

"ಪುಣ್ಯ ಬರ್ಲಿ ನಿಮಗ" ಎಂದು ಅವಳು ನಿಜವಾದ ಸಂತೋಷದಿಂದ ಫೋನ್ ಇಟ್ಟಳು.

ಆ ಸಾಲು ತಿದ್ದಿದ. ಈ ಸಲ ಬೇಕೆಂದೇ ನಿಲ್ಲಿಸಿ ನಾಲ್ಕೂ ಕಡೆ ಪರೀಕ್ಷೆ ಮಾಡಿದ, ನಾಲ್ಕೂ ಎದ್ದವು. ಯಾರೂ ಕೇಳದಿದ್ದರೂ ಸ್ಕ್ರಿಪ್ಟಿಗೆ ಇನ್ನೊಂದು ಸಾಲು ಸೇರಿಸಿದ: ಎಲ್ಲಿ ಎಬ್ಬಿಸಿದರೂ ಅವನ ಪರದೆಯ ಮೇಲೆ ಅದನ್ನು ಹೇಳಬೇಕು.

ಮರುದಿನ ಮಧ್ಯಾಹ್ನ ಪರದೆಯ ಮೂಲೆಯಲ್ಲಿ ಒಂದು ಸಾಲು ಮೂಡಿತು: 'ಹಡಗಲಿ ನಿಂತಿತ್ತು, ಎಬ್ಬಿಸಿದ್ದೇನೆ.' ಮೈಲಾರೇಶ್ ಕುರ್ಚಿ ಹತ್ತಿರ ಎಳೆದುಕೊಂಡು ಅದನ್ನು ಎರಡು ಸಲ ಓದಿದ. ಬಾಗಿಲ ಕಡೆ ಒಮ್ಮೆ ನೋಡಿ, ಯಾರೂ ಇಲ್ಲದ್ದು ಖಾತ್ರಿ ಮಾಡಿಕೊಂಡು, ಮೆಲ್ಲಗೆ ಅಂದ:

"ನಂದು ಊಟ ಆತ್ರಿ."