ಜೊತೆಗೆ ಐದು ಜನ

‘ಬರುತ್ತೇವೆ. ಆದರೆ ನನ್ನ ಹೆಸರಿನ ಮುಂದೆ ಪ್ಲಸ್ ಹಾಕಬೇಡಿ.’

ಹೀಗೆಂದವರು ಲಂಡನ್ನಿನ ಪಿನ್ನರ್‌ನಲ್ಲಿ ನಮ್ಮ ಪಕ್ಕದ ಮನೆಯ ಜಯಂತಿಭಾಯ್. ಎಂಬತ್ತರ ಹತ್ತಿರದ ಗುಜರಾತಿ ಹಿರಿಯರು. ಹುಟ್ಟಿ ಬೆಳೆದದ್ದು ಆಫ್ರಿಕಾದ ವಿಕ್ಟೋರಿಯಾ ಸರೋವರದ ದಡದ ಒಂದು ಊರಿನಲ್ಲಿ.

ಬರುವ ಭಾನುವಾರ ನಮ್ಮ ಕನ್ನಡದ ಮನೆಗಳೆಲ್ಲ ಸೇರಿ ಥೇಮ್ಸ್‌ನಲ್ಲಿ ಬೋಟ್ ಟ್ರಿಪ್ ಹೋಗುತ್ತಿದ್ದೇವೆ. ಪಟ್ಟಿ ಮಾಡುವ ಕೆಲಸ ನನ್ನದು. (ಇಂಥ ಕೆಲಸಗಳು ನನ್ನನ್ನೇ ಹುಡುಕಿಕೊಂಡು ಬರುತ್ತವೆ.) ಬೇಲಿಯಾಚೆ ಟೊಮೆಟೊ ಗಿಡಕ್ಕೆ ನೀರು ಹಾಕುತ್ತಿದ್ದ ಅವರನ್ನೂ ಕರೆದೆ. ‘ಜಯಂತಿಭಾಯ್ +1’ ಎಂದು ಫೋನಿನಲ್ಲಿ ಟೈಪ್ ಮಾಡಿ ತೋರಿಸಿದೆ.

ನಮ್ಮ ವಾಟ್ಸಾಪ್ ಪಟ್ಟಿಗಳು ನಿಮಗೆ ಗೊತ್ತಲ್ಲ? ಸುರೇಶ್ +4. ಡಾಕ್ಟರ್ ಫ್ಯಾಮಿಲಿ +3. ಊಟಕ್ಕೆ ಎಷ್ಟು ಎಲೆ ಎಂದು ತಿಳಿದರೆ ಸಾಕು, ಹೆಸರು ಯಾರಿಗೆ ಬೇಕು?

ಜಯಂತಿಭಾಯ್ ಪೈಪ್ ಕೆಳಗಿಟ್ಟರು. ಹಿಂದಿ, ಇಂಗ್ಲಿಷ್ ಬೆರೆಸಿ ಅವರು ಹೇಳಿದ್ದು ಇಷ್ಟು.

ಆಗ ಅವರಿಗೆ ಒಂಬತ್ತು ವರ್ಷ, ಅಕ್ಕ ಸವಿತಾಳಿಗೆ ಹದಿನಾರು. ಸರೋವರದ ಆಚೆ ದಡದಲ್ಲಿ ಒಂದು ಮದುವೆ. ಪಕ್ಕದ ಅಂಗಡಿಯವರ ಸಂಸಾರದ ಜೊತೆ ಅಕ್ಕನನ್ನೂ ಮನೆಯಿಂದಲೇ ಲಾಂಚ್‌ಗೆ, ಅಂದರೆ ಮೋಟಾರು ದೋಣಿಗೆ, ಕಳಿಸಿದರು. ಸರೋವರ ಅಂದರೆ ನಮ್ಮ ಊರ ಕೆರೆಯಲ್ಲ, ಆಚೆ ದಡ ಕಾಣದಷ್ಟು ನೀರು. ಬಿಸಿಲಿರುವಾಗಲೇ ಗಾಳಿ ಎದ್ದುಬಿಡುತ್ತದೆ. ಅವತ್ತೂ ಎದ್ದಿತು. ಲಾಂಚ್‌ನಲ್ಲಿ ಹಿಡಿಸುವುದಕ್ಕಿಂತ ಹೆಚ್ಚು ಜನ, ಮೇಲೆ ಮೂಟೆ, ಬಾಳೆಗೊನೆ. ಮಗುಚಿಕೊಂಡಿತು. ಅಂಗಡಿಯವರ ಸಂಸಾರದಲ್ಲಿ ಒಬ್ಬರೂ ಉಳಿಯಲಿಲ್ಲ.

ದಡದಲ್ಲಿ ಟಿಕೆಟ್ ಕೊಟ್ಟ ಗುಮಾಸ್ತನ ಪಟ್ಟಿಯಲ್ಲಿ ಅಂಗಡಿಯವರ ಹೆಸರಿತ್ತು. ಅದರ ಮುಂದೆ, ‘ಜೊತೆಗೆ ಐದು ಜನ’. ಅವರನ್ನು ಬಿಟ್ಟು ಅವರ ಮನೆಯವರೇ ಐದು ಜನ. ಹಾಗಾದರೆ ನನ್ನ ಮಗಳು ಲಾಂಚ್ ಹತ್ತಿಯೇ ಇಲ್ಲ ಎಂದು ಅಮ್ಮ ಪಟ್ಟು ಹಿಡಿದರು. ಆರನೆಯವಳನ್ನು ಗುಮಾಸ್ತ ಎಣಿಸಿರಲಿಲ್ಲ, ಅಷ್ಟೆ. ದೇಹ ಸಿಗಲಿಲ್ಲ.

‘ಲಂಡನ್ನಿಗೆ ಬರುವವರೆಗೂ ಅಮ್ಮ ಲಾಂಚ್ ಬರುವ ಹೊತ್ತಿಗೆ ದಡಕ್ಕೆ ಹೋಗುತ್ತಿದ್ದರು. ಕೊನೆಯವರೆಗೂ ಅಕ್ಕನ ಶ್ರಾದ್ಧ ಮಾಡಲು ಬಿಡಲಿಲ್ಲ’ ಅಂದರು. ‘ಒಂದು ಹೆಸರಿದ್ದಿದ್ದರೆ ಅಮ್ಮ ಅತ್ತು ಮುಗಿಸುತ್ತಿದ್ದರು.’

ಒಳಗೆ ಬಂದು ಆ ಸರೋವರದಲ್ಲಿ ಮುಳುಗಿದ ದೋಣಿ, ಹಡಗುಗಳ ಬಗ್ಗೆ ಓದುತ್ತ ಕೂತೆ. ಬೇರೆ ಬೇರೆ ಕಾಲ, ಬೇರೆ ಬೇರೆ ದಡ. ಆದರೆ ಒಂದು ಮಾತು ಮತ್ತೆ ಮತ್ತೆ ಬರುತ್ತದೆ: ಎಷ್ಟು ಜನ ಹತ್ತಿದ್ದರೋ ಖಚಿತವಾಗಿ ತಿಳಿಯದು. ಆ ತಿಳಿಯದವರು ಯಾರಿರಬಹುದು ಹೇಳಿ? ಮಡಿಲಲ್ಲಿ ಕೂತ ಮಕ್ಕಳು. ಯಾರದೋ ಹೆಂಡತಿ, ಯಾರದೋ ತಾಯಿ.

ಗ್ರೂಪಿನಲ್ಲಿ ಹಾಕಿದೆ: ಎಲ್ಲರ ಹೆಸರೂ ಬೇಕು, ಪ್ಲಸ್ ನಡೆಯುವುದಿಲ್ಲ.

ಕೊಲಿಂಡೇಲ್‌ನ ಸುರೇಶ ತಕ್ಷಣ ಬರೆದ: ‘ಅಕ್ಕಾ, ಥೇಮ್ಸ್‌ನಲ್ಲಿ ಅರ್ಧ ದಿನ ಅಷ್ಟೆ. ವೀಸಾ ಏನಾದ್ರೂ ಕೊಡ್ತಿದ್ದೀರಾ?’ ಹಿಂದೆಯೇ ನಗುವ ಮುಖಗಳು ಸಾಲುಸಾಲಾಗಿ ಬಂದವು. ಬರಲಿ ಬಿಡಿ. ಒಂದೊಂದೇ ಮನೆಗೆ ಫೋನ್ ಮಾಡತೊಡಗಿದೆ.

ಸುರೇಶನ ಹೆಂಡತಿಯ ಫೋನ್ ಎತ್ತಿದ್ದು ಅವಳ ತಾಯಿ. ಮಗಳ ಬಾಣಂತನಕ್ಕೆ ಧಾರವಾಡದಿಂದ ಬಂದವರು. ಈ ನಾಲ್ಕು ತಿಂಗಳಲ್ಲಿ ಅವರ ಕೈಯ ಹೋಳಿಗೆಯನ್ನು ಎಷ್ಟು ಸಲ ತಿಂದಿದ್ದೇನೋ ಲೆಕ್ಕವಿಲ್ಲ.

‘ನಿಮ್ಮ ಹೆಸರು ಹೇಳಿ, ಅಮ್ಮಾ.’

‘ಸುರೇಶನ ಅತ್ತಿ ಅಂತ ಬರೀರಿ, ಸಾಕು.’

‘ಸಾಲದು. ನಿಮ್ಮದೇ ಹೆಸರು ಬೇಕು.’



‘ಸುಶೀಲಾ ಅಂತ ಬರ್ಕೋರಿ. ಈ ಊರಿಗೆ ಬಂದಮ್ಯಾಗ ಯಾರೂ ಕೇಳಿದ್ದಿಲ್ಲ ನೋಡ್ರಿ.’

ನಾಚಿಕೆಯಾಯಿತು. ಬರೆದುಕೊಂಡೆ.

ಇನ್ನೂ ಯಾರಾದರೂ ಬಿಟ್ಟುಹೋಗಿದ್ದಾರೇನೋ ಎಂದು ಕಳೆದ ದೀಪಾವಳಿ ಊಟದ ಪಟ್ಟಿ ತೆರೆದೆ. ಅದನ್ನು ಮಾಡಿದವಳೂ ನಾನೇ. ಅದರಲ್ಲಿ ನನ್ನ ಗಂಡನ ಹೆಸರಿತ್ತು. ಮುಂದೆ +2. ಅಂದರೆ ಮಗಳು ಮತ್ತು ನಾನು. ನನ್ನ ಕೈಯಾರೆ ನನ್ನನ್ನೇ ಬಿಟ್ಟಿದ್ದೆ.

ಅವತ್ತು ನೆಲದ ಮೇಲಿದ್ದೆವು, ಸರಿ. ನೀರಿನ ಮೇಲಿದ್ದಿದ್ದರೆ ನನ್ನ ಅಮ್ಮ ಎಷ್ಟು ವರ್ಷ ದಡದಲ್ಲಿ ನಿಲ್ಲಬೇಕಿತ್ತು?